ಒಬ್ಬನೇ ವರ್ತಕನ ಹಂಗಿಲ್ಲದ ಗಣಕ: ಅರ್ಧ ಶತಮಾನದ ಚರಿತ್ರೆ

ನೀಲಗಿರಿಯಲ್ಲಿ ಎಕರೆ, ಅರ್ಧ ಎಕರೆ ಚಹಾ ತೋಟವಿರುವ ಕುಟುಂಬಗಳು ಹಂಗು ಎಂಬ ಮಾತಿನ ಅರ್ಥವನ್ನು ನಿಘಂಟಿನಿಂದ ತಿಳಿಯಬೇಕಾಗಿಲ್ಲ. ಕಿತ್ತ ಹಸಿರೆಲೆ ಅದೇ ದಿನ ಕಾರ್ಖಾನೆ ಸೇರಬೇಕು. ತಡವಾದರೆ ಬಾಡಿ ಕೆಡುತ್ತದೆ. ಸಮೀಪದಲ್ಲಿ ಎಲೆ ಕೊಳ್ಳುವ ಕಾರ್ಖಾನೆ ಒಂದೇ ಇದ್ದಲ್ಲಿ ದರ ಗೊತ್ತುಮಾಡುವವನು ಬೆಳೆಗಾರನಲ್ಲ. ಆ ಹಂಗನ್ನು ತಗ್ಗಿಸಲೆಂದೇ ಈ ಜಿಲ್ಲೆಯಲ್ಲಿ ಸಣ್ಣ ಬೆಳೆಗಾರರ ಸಹಕಾರಿ ಚಹಾ ಕಾರ್ಖಾನೆಗಳು ಹುಟ್ಟಿದವು. ಅವುಗಳ ಒಕ್ಕೂಟವಾದ ಇಂಡ್ಕೋಸರ್ವ್ 1965ರಲ್ಲಿ ಸ್ಥಾಪನೆಯಾಯಿತು.

ಗಣಕಯಂತ್ರದ ಚರಿತ್ರೆಯೂ ಹೀಗೆಯೇ ಒಂದು ಹಂಗಿನ ಚರಿತ್ರೆ. ವ್ಯತ್ಯಾಸವಿಷ್ಟೆ: ಇಲ್ಲಿ ಹಂಗು ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಅಂತಸ್ತಿನಿಂದ ಅದನ್ನು ಹೊರಹಾಕಿದರೆ ಮೇಲಿನ ಅಂತಸ್ತಿಗೆ ಏರಿ ಕುಳಿತುಕೊಳ್ಳುತ್ತದೆ. ಮೊದಲು ಕಬ್ಬಿಣದ ಯಂತ್ರದಲ್ಲಿತ್ತು. ಬಳಿಕ ತಂತ್ರಾಂಶಕ್ಕೆ ಹತ್ತಿತು. ಈಗ ಕ್ಲೌಡ್ ಎಂದು ಕರೆಯುವ ಮೇಘದಲ್ಲಿದೆ. ನಮ್ಮ ಆಧಾರ್ ಸಂಖ್ಯೆ, ಪಡಿತರ, ಪಿಂಚಣಿ, ಮೊಮ್ಮಕ್ಕಳ ಅಂಕಪಟ್ಟಿ, ಎಲ್ಲವೂ ಇಂದು ಯಾವುದೋ ದೂರದ ಯಂತ್ರದೊಳಗಿರುವುದರಿಂದ ಈ ಚರಿತ್ರೆ ಎಂಜಿನಿಯರುಗಳಿಗೆ ಮಾತ್ರ ಬಿಡತಕ್ಕ ವಿಷಯವಲ್ಲವೆಂದು ನಾವು ಭಾವಿಸುತ್ತೇವೆ.

ಭಾರತದಲ್ಲಿ 1960 ಮತ್ತು 70ರ ದಶಕಗಳಲ್ಲಿ ಗಣಕಯಂತ್ರವೆಂದರೆ ಬಹುಮಟ್ಟಿಗೆ ಐಬಿಎಂ ಎಂದೇ ಅರ್ಥ. ಆ ಸಂಸ್ಥೆಯು ಹೊರದೇಶಗಳಲ್ಲಿ ಬಳಸಿ ಹಿಂದಕ್ಕೆ ಪಡೆದ 1401 ಎಂಬ ಮಾದರಿಯ ಯಂತ್ರಗಳನ್ನು ಇಲ್ಲಿ ನವೀಕರಿಸಿ ಬಾಡಿಗೆಗೆ ಕೊಡುತ್ತಿತ್ತು. ಯಂತ್ರ ಅವರದು, ರಿಪೇರಿ ಅವರದು, ಬಿಡಿಭಾಗ ಅವರದು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯು ವಿದೇಶಿ ಕಂಪನಿಗಳು ಭಾರತದ ತಮ್ಮ ಅಂಗಸಂಸ್ಥೆಗಳಲ್ಲಿ ಪಾಲನ್ನು ಸಾಮಾನ್ಯವಾಗಿ ಶೇಕಡ 40ಕ್ಕೆ ಇಳಿಸಬೇಕೆಂದಿತು. ಜನತಾ ಸರಕಾರದ ಕೈಗಾರಿಕಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಈ ವಿಷಯದಲ್ಲಿ ಸಡಿಲಬಿಡಲಿಲ್ಲ. ಐಬಿಎಂ ಒಪ್ಪದೆ 1978ರಲ್ಲಿ ದೇಶ ಬಿಟ್ಟಿತು.

ಹೋದ ಸಂಸ್ಥೆಯ ಯಂತ್ರಗಳು ಮಾತ್ರ ಇಲ್ಲೇ ಉಳಿದವು. ಅವನ್ನು ನೋಡಿಕೊಳ್ಳುವ ಹೊಣೆ ಕೇಂದ್ರ ಸರಕಾರ 1975ರಲ್ಲಿ ಸ್ಥಾಪಿಸಿದ್ದ ಕಂಪ್ಯೂಟರ್ ಮೆಯಿಂಟೆನೆನ್ಸ್ ಕಾರ್ಪೊರೇಶನ್ನಿನ ಮೇಲೆ ಬಿತ್ತು. ಸಿಎಂಸಿ ಎಂದು ಹೆಸರಾದ ಈ ಸಂಸ್ಥೆಯ ಎಂಜಿನಿಯರುಗಳು ಒಂದೇ ಕಂಪನಿಯದಲ್ಲ, ಹಲವು ಕಂಪನಿಗಳ ಯಂತ್ರಗಳ ಒಳಗನ್ನು ಕಲಿಯಬೇಕಾಯಿತು. ಆ ನಿರ್ಗಮನದಿಂದ ದೇಶ ಹಿಂದುಳಿಯಿತೆಂದು ಹೇಳುವವರಿದ್ದಾರೆ. ಅದರಿಂದಲೇ ನಮ್ಮವರು ಕಲಿತರೆಂದು ಹೇಳುವವರೂ ಇದ್ದಾರೆ. ನಮಗೆ ಎರಡನೆಯ ಪಕ್ಷವೇ ಹೆಚ್ಚು ಸರಿಯೆನಿಸುತ್ತದೆ. ಯಾವ ಕಂಪನಿಯ ಯಂತ್ರವಾದರೂ ಬಿಚ್ಚಿ ಜೋಡಿಸಬಲ್ಲವನು ಯಾವ ಕಂಪನಿಗೂ ಹೆದರಬೇಕಾಗಿಲ್ಲ.

ಅತ್ತ ಅಮೆರಿಕದಲ್ಲಿ ಇನ್ನೊಂದು ಬಗೆಯ ಬಿಡುಗಡೆ ನಡೆದಿತ್ತು. ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯೂನಿಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು 1973ರ ಸುಮಾರಿಗೆ ಸಿ ಎಂಬ ಭಾಷೆಯಲ್ಲಿ ಮತ್ತೆ ಬರೆದರು. ಅದರಿಂದ ಒಂದು ಕಂಪನಿಯ ಯಂತ್ರಕ್ಕೆ ಬರೆದದ್ದನ್ನು ಇನ್ನೊಂದರ ಯಂತ್ರಕ್ಕೆ ಒಯ್ಯುವುದು ಸಾಧ್ಯವಾಯಿತು. ಆ ಹಾದಿಯಲ್ಲೇ ಮುಂದೆ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದರು. ಅದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಕನ್ನಡಿಗರಿಗೆ ಈ ಹಂಗಿನ ನೇರ ಅನುಭವವಾದದ್ದು ಅಕ್ಷರದ ಮೂಲಕ. 1990ರ ದಶಕದಲ್ಲಿ ಒಂದೊಂದು ಕಂಪನಿಯ ಕನ್ನಡ ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತ ಕೊಟ್ಟುಕೊಂಡಿತ್ತು. ಒಂದರಲ್ಲಿ ‘ಕ’ ಆಗಿದ್ದದ್ದು ಇನ್ನೊಂದರಲ್ಲಿ ಏನೂ ಅಲ್ಲದ ಗೀಟು. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಾಮಾನ್ಯ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲೇ ಅಂಗೀಕರಿಸಿದ್ದರೂ ಅಚ್ಚುಕೂಟಗಳು ಅದನ್ನು ಅನುಸರಿಸಲಿಲ್ಲ. ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಯೊಂದರ ಗಣಕ ಪ್ರತಿ ಇಂದಿಗೂ ನಮ್ಮ ಬಳಿಯಿದೆ. ಅದನ್ನು ಜೋಡಿಸಿಕೊಟ್ಟ ಅಚ್ಚುಕೂಟ ಮುಚ್ಚಿಹೋಗಿದೆ, ಆ ಫಾಂಟು ಎಲ್ಲಿಯೂ ಸಿಗುವುದಿಲ್ಲ. ಕಡತ ತೆರೆದರೆ ಕಾಣುವುದು ಇರುವೆ ಸಾಲು. ಕಾಗದದ ಪ್ರತಿ ಉಳಿದಿರುವುದರಿಂದ ಬರಹ ಉಳಿಯಿತು. ಕರ್ನಾಟಕದಲ್ಲಿ ಕನ್ನಡ ಗಣಕ ಪರಿಷತ್ತಿನ ಶ್ರಮದಿಂದ ‘ನುಡಿ’ ಬಂದು ಏಕರೂಪತೆ ತಂದಿತು. ಬಳಿಕ ಜಗತ್ತಿಗೆಲ್ಲ ಒಂದೇ ಆದ ಯೂನಿಕೋಡ್ ನೆಲೆಯೂರಿತು. ಯಾವ ಕಂಪನಿಯ ದೂರವಾಣಿಯಲ್ಲಿ ಬರೆದ ಕನ್ನಡವಾದರೂ ಇನ್ನಾವುದರಲ್ಲಾದರೂ ಕನ್ನಡವಾಗಿಯೇ ಕಾಣುತ್ತಿರುವುದು ಆ ಒಪ್ಪಂದದ ಫಲ.

ಇನ್ನು ಮೇಘದ ಮಾತಿಗೆ ಬರೋಣ. ಮೇಘಕ್ಕೆ ತಳಹದಿ ವರ್ಚುವಲೈಸೇಶನ್ ಎಂಬ ಉಪಾಯ. ಒಂದು ದೊಡ್ಡ ಶಾಲಾ ಕಟ್ಟಡದೊಳಗೆ ಮರದ ತಡಿಕೆ ನಿಲ್ಲಿಸಿ ಎಂಟು ತರಗತಿ ನಡೆಸಿದಂತೆ, ಒಂದೇ ಯಂತ್ರವನ್ನು ತಂತ್ರಾಂಶದ ತಡಿಕೆಗಳಿಂದ ಹಲವು ಯಂತ್ರಗಳಂತೆ ವಿಭಾಗಿಸುವುದು ಇದರ ಕೆಲಸ. ಪ್ರತಿಯೊಂದು ಭಾಗವೂ ತಾನೇ ಪೂರ್ಣ ಯಂತ್ರವೆಂದು ತಿಳಿದು ನಡೆಯುತ್ತದೆ. ಇದನ್ನು 1967ರ ವೇಳೆಗೆ ಮಾಡಿ ತೋರಿಸಿದ್ದೂ ಐಬಿಎಂ ಸಂಸ್ಥೆಯ ಒಂದು ಕೇಂದ್ರವೇ. ಅಮೆರಿಕದ ಕೇಂಬ್ರಿಜ್ ನಗರದಲ್ಲಿ. 1972ರಲ್ಲಿ ಅದು ಮಾರುಕಟ್ಟೆಗೆ ಬಂತು. ಆದರೆ ಆ ತಡಿಕೆ ಐಬಿಎಂ ಕಟ್ಟಡಕ್ಕೆ ಮಾತ್ರ ಹೊಂದುತ್ತಿತ್ತು. ಸಾಮಾನ್ಯ ಅಗ್ಗದ ಯಂತ್ರಗಳಿಗೂ ಹೊಂದುವ ತಡಿಕೆಯನ್ನು 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ತಂದಿತು. ಈಗ ಕಬ್ಬಿಣದ ಹಂಗು ನಿಜವಾಗಿ ಕಳೆಯಿತು: ಯಾವ ಕಂಪನಿಯ ಸರ್ವರಾದರೂ ಸರಿ, ಒಂದು ಕೆಟ್ಟರೆ ಒಳಗಿನ ಕಲ್ಪಿತ ಯಂತ್ರವನ್ನು ಎತ್ತಿ ಇನ್ನೊಂದರ ಮೇಲಿಡಬಹುದು. ಆದರೆ ತಡಿಕೆಯನ್ನೇ ಒಬ್ಬನು ಮಾರುತ್ತಿದ್ದುದರಿಂದ ಹಂಗು ಒಂದು ಅಂತಸ್ತು ಏರಿತು.

ಇದಕ್ಕೆ ಉತ್ತರ ಇನ್ನೊಂದು ಕೇಂಬ್ರಿಜಿನಿಂದ, ಇಂಗ್ಲೆಂಡಿನ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿಯವರು 2003ರಲ್ಲಿ ಝೆನ್ ಎಂಬ ಮುಕ್ತ ತಡಿಕೆಯನ್ನು ಹೊರತಂದರು. 2007ರಲ್ಲಿ ಕೆವಿಎಂ ಎಂಬುದು ಲಿನಕ್ಸಿನ ಒಳಗೇ ಸೇರಿತು. ಅಮೆಜಾನ್ ಸಂಸ್ಥೆ 2006ರಲ್ಲಿ ಗಂಟೆಯ ಲೆಕ್ಕದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡಲು ಆರಂಭಿಸಿದಾಗ ಬಳಸಿದ್ದು ಇದೇ ಝೆನ್. ಎಲ್ಲರಿಗೂ ಸೇರಿದ ತಳಹದಿಯ ಮೇಲೆ ಒಬ್ಬನ ಅಂಗಡಿ! ಒಮ್ಮೆ ಅಲ್ಲಿಗೆ ಒಕ್ಕಲು ಹೋದವನು ಆ ಅಂಗಡಿಯ ವಿಶಿಷ್ಟ ಸೌಲಭ್ಯಗಳಿಗೆ ಒಗ್ಗಿಕೊಂಡ ಮೇಲೆ ಹೊರಡುವುದು ಕಷ್ಟ. ಹಂಗು ಮತ್ತೊಂದು ಮೆಟ್ಟಿಲೇರಿತ್ತು. 2010ರ ಜುಲೈಯಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಕಂಪನಿ ಸೇರಿ ಓಪನ್‌ಸ್ಟ್ಯಾಕ್ ಎಂಬ ಮುಕ್ತ ಯೋಜನೆಯನ್ನು ಪ್ರಕಟಿಸಿದ್ದು, ಮೇಘವನ್ನೇ ಯಾರು ಬೇಕಾದರೂ ತಮ್ಮ ಅಂಗಳದಲ್ಲಿ ಕಟ್ಟಿಕೊಳ್ಳಲೆಂದು.

ಅದೇ ವರ್ಷ, ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ನೀಡಲಾಯಿತು. ಆಧಾರ್ ವ್ಯವಸ್ಥೆಯ ತಾಂತ್ರಿಕ ಕೇಂದ್ರ ಬೆಂಗಳೂರಿನದು. ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿದ್ದವರು ನಂದನ್ ನಿಲೇಕಣಿ. ಯೋಜನೆಯ ಬಗ್ಗೆ ಏನೇ ಅಭಿಪ್ರಾಯವಿರಲಿ, ಒಬ್ಬನೇ ಮಾರಾಟಗಾರನಿಗೆ ಸಿಲುಕಬಾರದೆಂಬುದನ್ನು ಮೊದಲ ದಿನದಿಂದಲೇ ನಿಯಮವಾಗಿ ಬರೆದಿಟ್ಟುಕೊಂಡು ಕಟ್ಟಿದ ಇಷ್ಟು ದೊಡ್ಡ ವ್ಯವಸ್ಥೆ ನಮ್ಮ ದೇಶದಲ್ಲಿ ವಿರಳ. ಎಲ್ಲಿಯೂ ಸಿಗುವ ಸಾಮಾನ್ಯ ಸರ್ವರುಗಳು, ಸಾಧ್ಯವಾದಲ್ಲೆಲ್ಲ ಮುಕ್ತ ತಂತ್ರಾಂಶ, ಬೆರಳಚ್ಚು ಯಂತ್ರವನ್ನು ಯಾರು ತಯಾರಿಸಿದರೂ ಜೋಡಿಸಬಹುದಾದ ಒಂದೇ ಬಗೆಯ ಕೊಂಡಿ, ಇವು ಅದರ ಲಕ್ಷಣ.

ಎಲ್ಲಕ್ಕಿಂತ ಜಾಣ್ಮೆಯದು ಬೆರಳಚ್ಚು ಹೋಲಿಕೆಯ ಏರ್ಪಾಡು. ಹೊಸಬನೊಬ್ಬ ನೋಂದಾಯಿಸಿದಾಗ ಅವನು ಮೊದಲೇ ಸಂಖ್ಯೆ ಪಡೆದಿಲ್ಲವೆಂದು ತಿಳಿಯಲು ಈಗಾಗಲೇ ಇರುವ ಎಲ್ಲರೊಡನೆ ಹೋಲಿಸಬೇಕು. 60 ಕೋಟಿ ಜನ ದಾಖಲಾಗಿರುವಾಗ ದಿನಕ್ಕೆ 10 ಲಕ್ಷ ಹೊಸಬರು ಬಂದರೆ ದಿನವೊಂದರ ಹೋಲಿಕೆಗಳು 6 ಕೋಟಿ ಕೋಟಿ. ಲೆಕ್ಕದ ಮೇಷ್ಟ್ರಿಗೂ ಸೊನ್ನೆ ಎಣಿಸಲು ಎರಡು ಸಲ ಬೇಕು. ಈ ಕೆಲಸವನ್ನು ಒಂದು ಕಂಪನಿಗೆ ಕೊಡದೆ ಮೂರಕ್ಕೆ ಹಂಚಿದರು. ಯಾರದು ಹೆಚ್ಚು ನಿಖರ, ಹೆಚ್ಚು ತ್ವರಿತವೋ ಅವರಿಗೆ ಹೆಚ್ಚು ಪಾಲು. ಒಬ್ಬನು ದರ ಏರಿಸಿದರೆ ಅಥವಾ ಕೈಕೊಟ್ಟರೆ ಉಳಿದಿಬ್ಬರಿದ್ದಾರೆ. ಸಹಕಾರಿ ಕಾರ್ಖಾನೆ ಬಂದ ಮೇಲೆ ಎಲೆಯ ದರ ಹೇಗೆ ನಡೆಯಿತೆಂದು ಬಲ್ಲವರಿಗೆ ಇದರ ತರ್ಕ ಹೊಸದಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಸಂಖ್ಯೆ 100 ಕೋಟಿ ದಾಟಿತು.

ಆದರೆ ವರ್ತಕನ ಹಂಗು ತಪ್ಪಿದ ಮಾತ್ರಕ್ಕೆ ಪ್ರಜೆಯ ಹಂಗು ತಪ್ಪಿತೆಂದು ಹೇಳಲಾಗದು. ಈ ಯೋಜನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತು ದಾಟಿತ್ತು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷದ ತೀರ್ಪು ಆಧಾರನ್ನು ಉಳಿಸಿತಾದರೂ ಅದನ್ನು ಎಲ್ಲೆಲ್ಲಿ ಕೇಳಬಾರದೆಂದು ಗೆರೆ ಎಳೆಯಿತು. ಕಟ್ಟಿದ ಊರು ಬೆಂಗಳೂರು, ಪ್ರಶ್ನಿಸಿದವರೂ ಆ ಊರಿನವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ನಮ್ಮ ಕಡೆಯ ಕಷ್ಟ ಇನ್ನೂ ನೆಲಕ್ಕೆ ಹತ್ತಿರದ್ದು. ವರ್ಷಗಟ್ಟಲೆ ಎಲೆ ಕಿತ್ತು ಬೆರಳ ಗೆರೆ ಸವೆದ ಅಜ್ಜಿಗೆ ಪಡಿತರ ಅಂಗಡಿಯ ಯಂತ್ರ ಯಾವ ಕಂಪನಿಯದಾದರೇನು, ಅದು ಅವಳ ಗುರುತು ಹಿಡಿಯಬೇಕು. ಮಸಿನಗುಡಿಯ ಆಚೆಯ ಕಾಡಂಚಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಬೆಂಗಳೂರಿನ ಸರ್ವರು ಎಷ್ಟು ಮುಕ್ತವಾಗಿದ್ದರೂ ಅಕ್ಕಿ ಕೈಗೆ ಬಾರದು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಕಾರ್ಡಿನ ಮೇಲೆ ನಮ್ಮ ಗೌಡರು ಕವುಡರಾಗುವುದು ಬೇರೆಯ ಮಾತು.

ಯಾರ ಹಂಗೂ ಇಲ್ಲದೆ ಗಣಕ ಕಟ್ಟಿಕೊಂಡವರನ್ನು ನೋಡಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಮುತ್ತೋರೈಯ ಇಳಿಜಾರಿನಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಿರ್ಮಿಸಿದ, 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕವನ್ನು ನಮ್ಮ ಶಾಲಾ ಮಕ್ಕಳೆಲ್ಲ ಪ್ರವಾಸದಲ್ಲಿ ಕಂಡಿದ್ದಾರೆ. 1970ರಿಂದ ಅದು ಕೆಲಸ ಮಾಡುತ್ತಿದೆ. ಅದೇ ಸಂಸ್ಥೆಯ ಉದಕಮಂಡಲದ ಕಾಸ್ಮಿಕ್ ಕಿರಣ ಪ್ರಯೋಗಾಲಯವನ್ನು ಕಂಡವರು ಕಡಮೆ. ಅಲ್ಲಿನ ಗ್ರೇಪ್ಸ್-3 ಪ್ರಯೋಗದ ಮ್ಯೂಆನ್ ದೂರದರ್ಶಕದಲ್ಲಿ 3712 ಉದ್ದನೆಯ ಉಕ್ಕಿನ ಕೊಳವೆಗಳಿವೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಪ್ರೋಟಾನ್ ಕ್ಷಯವನ್ನು ಹುಡುಕಲು ಇಟ್ಟಿದ್ದ ಅಂಥ ಕೊಳವೆಗಳು, ಆ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತ ಮೇಲೆ, ಇಲ್ಲಿ ಮರುಬಳಕೆಯಾದವು. ಕನ್ನಡ ನಾಡಿನ ಪಾತಾಳದಿಂದ ನೀಲಗಿರಿಯ ನೆತ್ತಿಗೆ! ಮೊದಲು ಹೊರಗಿನಿಂದ ತರಿಸುತ್ತಿದ್ದ ಪ್ಲಾಸ್ಟಿಕ್ ಸಿಂಟಿಲೇಟರ್ ಫಲಕಗಳನ್ನೂ ಮುಂದೆ ಅವರೇ ಇಲ್ಲಿ ತಯಾರಿಸಿಕೊಂಡರು. 2015ರ ಜೂನ್ 22ರಂದು ಸೌರ ಬಿರುಗಾಳಿ ಭೂಮಿಯ ಕಾಂತಕವಚವನ್ನು ಅಪ್ಪಳಿಸಿದಾಗ ದೊರೆತ ದತ್ತಾಂಶದ ಗುಟ್ಟನ್ನು ಬಿಡಿಸಲು ವಾರಗಟ್ಟಲೆ ಲೆಕ್ಕ ಮಾಡಿದ್ದು, ಆ ತಂಡದವರು ತಾವೇ ಜೋಡಿಸಿಕೊಂಡ 1280 ಕೋರುಗಳ ಗಣಕ ಸಮೂಹ. ಕೂಡಿಸುವುದನ್ನು ಬಲ್ಲವರಿಗೆ ಬೆಟ್ಟದ ಊರೂ ಸಾಕು.

ಇಷ್ಟೆಲ್ಲ ಹಳೆಯ ಕಥೆಯಾಯಿತೆಂದು ಯಾರೂ ತಿಳಿಯದಿರಲಿ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಎಂಬ ಕಂಪನಿ ವಿಎಂವೇರನ್ನು ಕೊಂಡಿತು. ಕೆಲವೇ ವಾರಗಳಲ್ಲಿ, ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಪಡೆಯುವ ಪರವಾನಗಿಯ ಮಾರಾಟವನ್ನು ನಿಲ್ಲಿಸಿ, ಕಾಲಕಾಲಕ್ಕೆ ಚಂದಾ ಕಟ್ಟುವ ಪದ್ಧತಿಯನ್ನು ತಂದಿತು. ಸ್ವಂತ ಮನೆಯೆಂದು ತಿಳಿದಿದ್ದವರು ಒಂದು ಬೆಳಗ್ಗೆ ಬಾಡಿಗೆದಾರರಾದಂತೆ. ವೆಚ್ಚ ಏರಿತೆಂದು ಲೋಕದ ನಾನಾ ಕಡೆ ಬಳಕೆದಾರರು ದೂರಿದರು. ಹಲವರು ಮುಕ್ತ ತಡಿಕೆಗಳತ್ತ ಹೊರಳಿದರು. ಹೊರಳುವ ದಾರಿ ಇದ್ದದ್ದು ಝೆನ್, ಕೆವಿಎಂಗಳನ್ನು ಯಾರೋ ಇಪ್ಪತ್ತು ವರ್ಷ ಮೊದಲೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ.

ಭಾರತ ಸರಕಾರವು 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೂ, 2015ರಲ್ಲಿ ಮುಕ್ತ ತಂತ್ರಾಂಶದ ನೀತಿಯನ್ನೂ ಹೊರಡಿಸಿದೆ. ನಡುವೆ 2014ರಲ್ಲಿ ಮೇಘರಾಜ್ ಎಂಬ ಸರಕಾರಿ ಮೇಘ ಬಂತು. ಚೆನ್ನೈಯ ಸಿ-ಡ್ಯಾಕ್ ಕೇಂದ್ರದವರು ಮುಕ್ತ ತಂತ್ರಾಂಶಗಳಿಂದ ಕಟ್ಟಿದ ಮೇಘ ವ್ಯವಸ್ಥೆಗೆ ‘ಮೇಘದೂತ್’ ಎಂದು ಹೆಸರಿಟ್ಟಿದ್ದಾರೆ. ಕಾಳಿದಾಸನ ಯಕ್ಷ ಸಂದೇಶ ಕೊಟ್ಟು ಕಳಿಸಿದ ಮೋಡ ಯಾವ ಕಂಪನಿಯದೂ ಆಗಿರಲಿಲ್ಲ. ಅದೇ ಕೇಂದ್ರದ ಬಾಸ್ ಲಿನಕ್ಸ್ ತಮಿಳುನಾಡಿನ ಸರಕಾರಿ ಶಾಲಾ ಮಕ್ಕಳಿಗೆ 2011ರಿಂದ ಹಂಚಿದ ಲ್ಯಾಪ್‌ಟಾಪುಗಳ ಮೂಲಕ ಗೂಡಲೂರಿನ ಮನೆಗಳಿಗೂ ಬಂದಿತ್ತು. ಮಕ್ಕಳು ಬಹುಪಾಲು ಅದನ್ನು ಬದಿಗಿಟ್ಟು ವಿಂಡೋಸನ್ನೇ ತೆರೆದರೆಂಬುದೂ ಚರಿತ್ರೆಗೆ ಸೇರಿದ್ದೇ.

ಸಂಘದ ಹಳೆಯ ಸಂಚಿಕೆಗಳನ್ನೂ ಹಿರಿಯರು ಕೊಟ್ಟ ಕೈಬರಹಗಳನ್ನೂ ಗಣಕಕ್ಕೇರಿಸುವ ಪ್ರಸ್ತಾಪ ಈ ಸಮ್ಮೇಳನದ ಮುಂದಿದೆ. ಉಚಿತವಾಗಿ ಸಿಗುವ ಯಾವುದೋ ಒಂದು ಮೇಘದಲ್ಲಿ ಇಟ್ಟರಾಯಿತೆಂದು ಯುವಕರು ಹೇಳುತ್ತಾರೆ. ಇಡಲಿ, ಜೊತೆಗೆ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ ಒಂದು ಪ್ರತಿ ಸಂಘದ ಕಚೇರಿಯ ಡಿಸ್ಕಿನಲ್ಲಿಯೂ ಒಂದು ಪ್ರತಿ ಮೈಸೂರಿನ ಕಡೆಯ ಸದಸ್ಯರೊಬ್ಬರ ಮನೆಯಲ್ಲಿಯೂ ಇರಲೆಂದು ನಾವು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇವೆ. ಅಚ್ಚಾದ ಕಾಗದದ ಪ್ರತಿಗಳನ್ನು ಯಾರೂ ಹಳೆಯ ಪೇಪರಿನವನಿಗೆ ಹಾಕಬಾರದಾಗಿ ವಿನಂತಿ.