ಮೈಸೂರು ನಗರದ ಪ್ರತ್ಯೇಕಯಾನಗಳು

ನಗರಗಳ ಸಂಚಾರವನ್ನು ಕುರಿತ ಈಚಿನ ಚರ್ಚೆಗಳಲ್ಲಿ ‘ಪರ್ಸನಲ್ ರ‍್ಯಾಪಿಡ್ ಟ್ರಾನ್ಸಿಟ್’ ಎಂಬ ವ್ಯವಸ್ಥೆಯ ಹೆಸರು ಮೇಲಿಂದ ಮೇಲೆ ಕೇಳಿಬರುತ್ತಿರುವುದು. ಪತ್ರಿಕೆಗಳಲ್ಲಿ ಇದಕ್ಕೆ ‘ಪಾಡ್ ಟ್ಯಾಕ್ಸಿ’ ಎಂದು ಹೆಸರು. ನಾಲ್ಕಾರು ಜನ ಕುಳಿತುಕೊಳ್ಳತಕ್ಕ ಸಣ್ಣ ಬಂಡಿ, ಅದಕ್ಕೆ ಸಾರಥಿಯಿಲ್ಲ, ಅದು ಹರಿಯುವ ಹಾದಿ ಅದಕ್ಕೇ ಮೀಸಲು. ನಿಲ್ದಾಣಗಳು ಮುಖ್ಯ ಹಾದಿಯಿಂದ ಪಕ್ಕಕ್ಕೆ ಸರಿದ ಕವಲುಗಳಲ್ಲಿರುವುದರಿಂದ, ಒಂದು ಬಂಡಿ ನಿಂತರೆ ಹಿಂದಿನದು ನಿಲ್ಲಬೇಕಾದುದಿಲ್ಲ. ಏರಿದವನು ತಾನು ಹೇಳಿದ ಸ್ಥಳದಲ್ಲಿಯೇ ಇಳಿಯುವನು. ನಡುವೆ ಎಲ್ಲಿಯೂ ತಂಗುವುದಿಲ್ಲ. ಅಪರಿಚಿತರೊಡನೆ ಆಸನವನ್ನು ಹಂಚಿಕೊಳ್ಳುವುದೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಏನೆಂದು ಹೆಸರಿಡಬೇಕು? ‘ಸ್ವೈರಯಾನ’ವೆಂದರೆ ಅರ್ಥವೇನೋ ಹೊಂದುವುದು, ಆದರೆ ‘ಸ್ವೈರ’ ಶಬ್ದಕ್ಕೆ ಕಾವ್ಯಗಳಲ್ಲಿ ಅಂಟಿಕೊಂಡಿರುವ ಅಪವಾದದಿಂದ ಅದು ಸಭ್ಯವಾಗಿ ತೋರದು. ‘ಪ್ರತ್ಯೇಕಯಾನ’ವೆಂಬುದು ಮೇಲು. ತಾನೊಬ್ಬನೇ ಬೋಧೆಯನ್ನು ಪಡೆಯುವವನ ಮಾರ್ಗಕ್ಕೆ ಬೌದ್ಧರು ಪ್ರತ್ಯೇಕಬುದ್ಧಯಾನವೆಂದೂ, ಬಹುಜನರನ್ನು ದಾಟಿಸುವ ಮಾರ್ಗಕ್ಕೆ ಮಹಾಯಾನವೆಂದೂ ಹೆಸರಿಟ್ಟಿರುವರು. ರೈಲು, ಬಸ್ಸುಗಳು ನಗರದ ಮಹಾಯಾನಗಳಾದರೆ ಇದು ಪ್ರತ್ಯೇಕಯಾನ. ಎರಡಕ್ಕೂ ಇರುವ ಹಳೆಯ ವಿವಾದವೂ ಹೆಸರಿನೊಡನೆಯೇ ಬರುವುದಾದರೆ ಅದು ಲಾಭವೇ ಸರಿ.

ಈ ಕಲ್ಪನೆಯು ಅಮೆರಿಕಾ ದೇಶದಲ್ಲಿ 1953ರ ಸುಮಾರಿಗೆ ಹುಟ್ಟಿತು. ಎಪ್ಪತ್ತು ವರ್ಷಗಳು ಕಳೆದರೂ ಇದು ಕಾರ್ಯರೂಪಕ್ಕೆ ಬಂದ ಸ್ಥಳಗಳನ್ನು ಬೆರಳಿನಲ್ಲಿ ಎಣಿಸಬಹುದು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯವಿರುವ ಮಾರ್ಗನ್‌ಟೌನ್ ಎಂಬ ಗುಡ್ಡಗಾಡಿನ ಊರಿನಲ್ಲಿ 1975ರಲ್ಲಿ ಒಂದು ವ್ಯವಸ್ಥೆ ಪ್ರಾರಂಭವಾಗಿ, 1979ರಲ್ಲಿ ಐದು ನಿಲ್ದಾಣಗಳಿಗೆ ವಿಸ್ತಾರಗೊಂಡಿತು. ಅಲ್ಲಿಯ ಬಂಡಿ ಇಪ್ಪತ್ತು ಜನರನ್ನು ಹೊರುವುದಾದುದರಿಂದ ಲಕ್ಷಣವಾದಿಗಳು ಅದನ್ನು ಶುದ್ಧ ಪ್ರತ್ಯೇಕಯಾನವೆಂದು ಒಪ್ಪುವುದಿಲ್ಲ. ಅಬುಧಾಬಿಯ ಮಸ್ದಾರ್ ನಗರವನ್ನೆಲ್ಲ ಈ ಬಂಡಿಗಳಿಂದಲೇ ನಡೆಸಬೇಕೆಂದು ಯೋಚಿಸಿ, 2010ರಲ್ಲಿ ಪ್ರಯಾಣಿಕರ ಎರಡು ನಿಲ್ದಾಣಗಳನ್ನು ತೆರೆಯುವಷ್ಟಕ್ಕೆ ನಿಲ್ಲಿಸಿದರು. ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣದಲ್ಲಿ 2011ರಲ್ಲಿ, ವಾಹನಗಳನ್ನು ನಿಲ್ಲಿಸುವ ಬಯಲಿನಿಂದ ಐದನೆಯ ಟರ್ಮಿನಲ್ಲಿಗೆ, 21 ಬಂಡಿಗಳು 3.8 ಕಿಲೋಮೀಟರು ಹಾದಿಯಲ್ಲಿ ಓಡತೊಡಗಿದವು. ಅದೇ 2011ರಲ್ಲಿ ಅಮೃತಸರದಲ್ಲಿ ರೈಲುನಿಲ್ದಾಣ, ಬಸ್ಸುನಿಲ್ದಾಣ, ಸ್ವರ್ಣಮಂದಿರ ಇವುಗಳನ್ನು ಕೂಡಿಸುವ ಪ್ರತ್ಯೇಕಯಾನವನ್ನು ಘೋಷಿಸಿದರು, ಅದು ನಿರ್ಮಾಣವಾಗಲಿಲ್ಲ. ಬೆಂಗಳೂರಿನಲ್ಲಿ ವೈಟ್‌ಫೀಲ್ಡಿನ ಕಡೆಗೆ ಇಂತಹುದೇ ಹಾದಿಯ ಮಾತು 2017ರಲ್ಲಿ ಎದ್ದು ಹಾಗೆಯೇ ಅಡಗಿತು.

ಸಾಧನವು ಹೊಸದಾದರೂ ಅಭಿಲಾಷೆಯು ಹಳೆಯದು. ರಾಮಾಯಣದ ಪುಷ್ಪಕವು ‘ಕಾಮಗ’, ಎಂದರೆ ಒಡೆಯನ ಇಷ್ಟದಂತೆ ಹೋಗತಕ್ಕುದು. ಇಷ್ಟರಿಂದಲೇ ಪ್ರಾಚೀನರಲ್ಲಿ ಯಂತ್ರವಿದ್ದಿತೆಂದು ಸಾಧಿಸಹೊರಡುವುದು ಪಾಂಡಿತ್ಯಕ್ಕೆ ಶೋಭಿಸದು. 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮೈಸೂರಿನಲ್ಲಿಯೇ ಅಚ್ಚಾದ ‘ವೈಮಾನಿಕ ಶಾಸ್ತ್ರ’ವು ಇಪ್ಪತ್ತನೆಯ ಶತಮಾನದ ಆದಿಭಾಗದ ರಚನೆಯೆಂದೂ, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ಭಾರತೀಯ ವಿಜ್ಞಾನ ಮಂದಿರದ ವಿದ್ವಾಂಸರು 1974ರಲ್ಲಿ ತೋರಿಸಿಕೊಟ್ಟಿರುವರು. ಪ್ರತ್ಯೇಕಯಾನದ ಪೂರ್ವಚರಿತ್ರೆಯನ್ನು ಮೈಸೂರಿನ ಆಕಾಶದಲ್ಲಿ ಹುಡುಕುವುದಕ್ಕಿಂತ ಬೀದಿಯಲ್ಲಿ ಹುಡುಕುವುದು ಲೇಸು.

ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದುದು 1882ರಲ್ಲಿ. 1876-78ರ ಡಾಮರದ ಕಾಲದಲ್ಲಿ ಹಸಿದ ಜನರಿಗೆ ಕೂಲಿಯನ್ನೊದಗಿಸುವ ಉದ್ದೇಶವೂ ಆ ಕೆಲಸದಲ್ಲಿ ಸೇರಿದ್ದಿತು. ಆದರೆ ರೈಲು ಯಾರನ್ನೂ ಮನೆಯ ಬಾಗಿಲಿಗೆ ತಂದುಬಿಡುವುದಿಲ್ಲವಷ್ಟೆ. ಮಹಾಯಾನವೊಂದು ಬಂದೊಡನೆ ಅದರ ಬಾಗಿಲಲ್ಲಿ ಪ್ರತ್ಯೇಕಯಾನವು ಬೇಕಾಗುವುದು. ಅನಂತರ 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು; ಅದರ ಬೆನ್ನಿನಲ್ಲಿಯೇ ಪ್ಲೇಗು ಹಬ್ಬಿತು. ಇಕ್ಕಟ್ಟಾದ ಕೇರಿಗಳನ್ನು ಸಡಿಲಿಸುವುದಕ್ಕಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಏರ್ಪಟ್ಟು, ಕೋಟೆಯ ಸುತ್ತ ಮುದುಡಿದ್ದ ಊರು ಅಗಲವಾದ ಬೀದಿಗಳೊಡನೆ ಹೊಸ ಬಡಾವಣೆಗಳಿಗೆ ಹರಡಿತು. ಊರು ಹರಡಿದಷ್ಟೂ ನಡೆದುಹೋಗುವ ದೂರ ಹೆಚ್ಚಿತು. ಪಲ್ಲಕ್ಕಿ, ಮೇನೆಗಳು ಶ್ರೀಮಂತರಿಗೆ ಮಾತ್ರ ದಕ್ಕುವಂತಹವು. ಸಾಧಾರಣರಿಗೆ ಒದಗಿದುದು ಜಟಕಾ ಮತ್ತು ಟಾಂಗಾ.

ಮೈಸೂರಿನ ಟಾಂಗಾಗಳಲ್ಲಿ ‘ಷಾ ಪಸಂದ್’ ಎಂಬುದು ಪ್ರಸಿದ್ಧವಾದುದು. ದೊರೆಯ ಮೆಚ್ಚಿಕೆಯದೆಂದು ಆ ಪಾರಸೀ ಮಾತಿನ ಅರ್ಥ. ಜಟಕಾದಲ್ಲಿ ಕಾಲು ಮಡಿಸಿ ಹುಲ್ಲಿನ ಮೇಲೆ ಕೂರಬೇಕು; ಇದರಲ್ಲಿ ಎದುರುಬದುರಾಗಿ ಆಸನಗಳಲ್ಲಿ ಕೂರಬಹುದು. ಮೇಲೆ ಹೇಳಿದ ಲಕ್ಷಣಗಳನ್ನು ಇದಕ್ಕೆ ಅನ್ವಯಿಸಿ ನೋಡಿದರೆ, ಬಂಡಿಯಲ್ಲಿ ಒಂದೇ ಮನೆಯವರು, ವೇಳಾಪಟ್ಟಿಯಿಲ್ಲ, ನಡುವೆ ತಂಗುವುದಿಲ್ಲ. ಕೊರತೆಯೆಂದರೆ ಎರಡೇ: ಮೀಸಲು ಹಾದಿಯಿಲ್ಲ, ಸಾರಥಿಯುಂಟು. ಎರಡನೆಯದನ್ನು ಕೊರತೆಯೆನ್ನಬಹುದೋ ಎಂಬುದು ಸಂದೇಹ. ಸಂಸ್ಕೃತದಲ್ಲಿ ‘ಸೂತ’ನೆಂದರೆ ರಥ ನಡೆಸುವವನೂ ಹೌದು, ಪುರಾಣ ಹೇಳುವವನೂ ಹೌದು. ದಸರೆಗೆ ಬಂದ ಪರಸ್ಥಳದವರಿಗೆ ಅರಮನೆಯ ಕಥೆಯನ್ನು ದಾರಿಯುದ್ದಕ್ಕೂ ಹೇಳುವ ಟಾಂಗಾದವನಲ್ಲಿ ಆ ಎರಡು ವೃತ್ತಿಗಳೂ ಕೂಡಿಕೊಂಡಿರುವುವು.

ಟಾಂಗಾ ನಗರದಿಂದ ಬೇಡಿದುದು ಅತ್ಯಲ್ಪ. ಒಂದು ನಿಲ್ದಾಣ, ಒಂದಿಷ್ಟು ನೆರಳು, ಕುದುರೆಗೆ ಕಲ್ಲಿನ ನೀರುತೊಟ್ಟಿ. ಗಾಡಿಚೌಕವೆಂಬ ಸ್ಥಳನಾಮದಲ್ಲಿ ಆ ಕಾಲದ ನೆನಪು ಉಳಿದಿರುವುದು. ಆಟೋರಿಕ್ಷಾ ಬಂದಮೇಲೆ ಟಾಂಗಾ ದಿನದಿನದ ಸಂಚಾರದಿಂದ ಹಿಂದೆಸರಿದು, ನೋಡಲು ಬಂದವರ ವಿಹಾರಸಾಧನವಾಯಿತು. ಸಾರಥಿಯಿಲ್ಲದ ಬಂಡಿ ಬಂದರೆ ಈ ಎರಡು ವೃತ್ತಿಗಳವರ ಜೀವನಕ್ಕೂ ಧಕ್ಕೆ ತಗಲುವುದೆಂಬುದನ್ನು ಯೋಜಕರು ಲೆಕ್ಕದಲ್ಲಿ ಸೇರಿಸುವುದು ವಿರಳ.

ಈ ಶತಮಾನದಲ್ಲಿ ಮೈಸೂರು ಎರಡು ಪ್ರಯೋಗಗಳನ್ನು ಮಾಡಿತು. 2012ರಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಸುಮಾರು 500 ಬಸ್ಸುಗಳು ಎಲ್ಲಿರುವುವೆಂಬುದನ್ನು ಉಪಗ್ರಹದ ಸಹಾಯದಿಂದ ಗೊತ್ತುಮಾಡಿ, ನಿಲ್ದಾಣಗಳ ಫಲಕಗಳಲ್ಲಿ ತೋರಿಸುವ ಏರ್ಪಾಡು ಮಾಡಿತು. ಬಸ್ಸು ಬೇಗ ಬರಲಿಲ್ಲ. ಆದರೆ ಎಷ್ಟು ಹೊತ್ತು ಕಾಯಬೇಕೆಂಬುದು ತಿಳಿಯಿತು. ಎರಡನೆಯದು ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. 2017ರ ಜೂನ್ ತಿಂಗಳಲ್ಲಿ ‘ಟ್ರಿನ್ ಟ್ರಿನ್’ ಎಂಬ ಹೆಸರಿನಿಂದ 450 ಬೈಸಿಕಲ್ಲುಗಳನ್ನು 48 ನಿಲ್ದಾಣಗಳಲ್ಲಿಟ್ಟರು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಇಲ್ಲಿ ಪ್ರಯಾಣಿಕನೇ ಸಾರಥಿ, ಅವನೇ ಕುದುರೆ; ಉಳಿದುದೆಲ್ಲ ಪ್ರತ್ಯೇಕಯಾನವೇ.

ಈ ಬೈಸಿಕಲ್ಲುಗಳಿಂದ ಒಂದು ಸೂಕ್ಷ್ಮವಿಷಯವು ಸ್ಪಷ್ಟವಾಗುವುದು. ಬೆಳಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುವರಾದುದರಿಂದ ಕೆಲವು ನಿಲ್ದಾಣಗಳಲ್ಲಿ ವಾಹನಗಳು ರಾಶಿಬೀಳುವುವು, ಕೆಲವು ಬರಿದಾಗುವುವು. ಅವನ್ನು ಲಾರಿಯಲ್ಲಿ ಹೇರಿ ಹಂಚಬೇಕು. ಪಾಡ್‌ಗಳಿಗೂ ಇದೇ ತೊಡಕು. ಬರಿಯ ಬಂಡಿಗಳು ಹಾದಿಯನ್ನು ತುಂಬಿಕೊಂಡು ಹಿಂದಿರುಗಬೇಕಾಗುವುದು. ಅವನ್ನು ಎಲ್ಲಿಗೆ ಕಳುಹಿಸಬೇಕೆಂಬ ಗಣಿತವು ಯಂತ್ರಜ್ಞರಿಗೆ ಕಠಿನವಾದ ಸಮಸ್ಯೆಗಳಲ್ಲೊಂದು. ರೈಲಿನ ವೇಳೆಯನ್ನರಿತು ಟಾಂಗಾದವನು ಆ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕಿಕೊಳ್ಳುತ್ತಿದ್ದನು.

ಇನ್ನು ಜನಸಂಖ್ಯೆಯ ವಿಚಾರ. ಆರು ಸೆಕೆಂಡಿಗೊಂದರಂತೆ ಬಂಡಿಗಳು ಹೊರಟವೆಂದಿಟ್ಟುಕೊಂಡರೆ ಗಂಟೆಗೆ 600 ಆದುವು. ನಾಲ್ಕು ಆಸನಗಳೂ ತುಂಬಿದರೆ 2400 ಜನ. ಪ್ರತ್ಯೇಕವಾಗಿ ಹೋಗಬಯಸುವವರ ಬಂಡಿ ತುಂಬುವುದು ಅಪೂರ್ವ. ಸರಾಸರಿ ಇಬ್ಬರೆಂದರೆ 1200. ಐವತ್ತು ಆಸನಗಳ 24 ಬಸ್ಸುಗಳು ಇಷ್ಟು ಜನರನ್ನು ಒಯ್ಯಬಲ್ಲುವು. ವಿಜಯದಶಮಿಯ ದಿನದ ಜನಸಾಗರದ ಮುಂದೆ ಈ ಸಂಖ್ಯೆ ಎಷ್ಟರದು?

ಆ ದಿನವನ್ನು ನೆನೆದರೆ ಹಾದಿಯ ಪ್ರಶ್ನೆಯೂ ಎದುರಾಗುವುದು. ಪಾಡ್‌ಗಳ ಹಾದಿಯನ್ನು ತುಂಬಿದ ಊರಿನಲ್ಲಿ ಕಂಬಗಳ ಮೇಲೆಯೇ ಒಯ್ಯಬೇಕು. ಜಂಬೂಸವಾರಿಯಾದರೋ 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆಯೊಡನೆ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಮಾರ್ಗವಾಗಿ ಬನ್ನಿಮಂಟಪಕ್ಕೆ ಹೋಗುವುದು. ಆ ದಾರಿಗೆ ಅಡ್ಡಲಾಗಿ ಸೇತುವೆಯನ್ನೆಬ್ಬಿಸಲು ಮೈಸೂರಿನವರು ಒಪ್ಪುವರೆಂದು ಭಾವಿಸುವುದು ಭ್ರಮೆ. ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಲುಗಳಿರುವ ಚಾಮುಂಡಿಬೆಟ್ಟಕ್ಕೆ ಹಗ್ಗದ ಹಾದಿಯನ್ನು 2022ರಲ್ಲಿ ಸರ್ಕಾರವು ಆಯವ್ಯಯದಲ್ಲಿ ಸೇರಿಸಿ, ವಿರೋಧ ಬಂದುದರಿಂದ ಅದೇ ವರ್ಷ ಕೈಬಿಟ್ಟುದು ಇದಕ್ಕೆ ನಿದರ್ಶನ.

ವಿಮಾನನಿಲ್ದಾಣಗಳಿಗೆ ಈ ವ್ಯವಸ್ಥೆ ಹೊಂದುವುದೆಂಬುದು ಹೀಥ್ರೂವಿನಿಂದ ಬಂದ ಮಾತು. ಅಲ್ಲಿ ವಾಹನದ ಬಯಲು ದೂರ, ಬರುವವರು ದಿನವಿಡೀ ಚಿಲ್ಲರೆಯಾಗಿ ಬರುವರು, ಹಾದಿಗೆ ಒಬ್ಬನೇ ಒಡೆಯ. 2010ರಲ್ಲಿ ಹೊಸ ಕಟ್ಟಡವನ್ನು ಪಡೆದ ಮಂಡಕಳ್ಳಿಯ ನಿಲ್ದಾಣವು ಅಷ್ಟು ವಿಸ್ತಾರವಾದುದಲ್ಲ; ಬಾಗಿಲಿನಿಂದ ವಿಮಾನದವರೆಗೆ ಕಾಲ್ನಡಿಗೆಯೇ ಸಾಕು. ಊರಿನಿಂದ ಅಲ್ಲಿಗೆ ಹತ್ತು ಕಿಲೋಮೀಟರು ಕಂಬ ನೆಡುವುದಕ್ಕಿಂತ ನಂಜನಗೂಡು ರಸ್ತೆಯಲ್ಲಿ ಬಸ್ಸುಗಳನ್ನು ಹೆಚ್ಚಿಸುವುದು ಯುಕ್ತ.

ಮೈಸೂರಿನಲ್ಲಿ ಇದಕ್ಕೆ ಅವಕಾಶವಿರುವುದಾದರೆ ಅದು ಮಾನಸಗಂಗೋತ್ರಿಯಂತಹ ಸ್ಥಳದಲ್ಲಿ. ಮಾರ್ಗನ್‌ಟೌನಿನಲ್ಲಿಯೂ ಹೊತ್ತು ಹೊತ್ತಿಗೆ ಒಂದು ಪಾಠಶಾಲೆಯಿಂದ ಇನ್ನೊಂದಕ್ಕೆ ಓಡುವ ವಿದ್ಯಾರ್ಥಿಗಳಿಗಾಗಿಯೇ ಅದು ಹುಟ್ಟಿದುದು. ಕುಕ್ಕರಹಳ್ಳಿ ಕೆರೆಯ ಆಚೆಗಿರುವ ಈ ವಿಶಾಲವಾದ ಆವರಣಕ್ಕೆ ಒಬ್ಬನೇ ಒಡೆಯ. ಅಂಬಾರಿ ಆ ದಾರಿಯಲ್ಲಿ ಬರುವುದಿಲ್ಲ. ಹಾದಿಯನ್ನು ಕಂಬಗಳ ಮೇಲೆ ಏರಿಸದೆ ನೆಲದ ಮೇಲೆಯೇ ಮರಗಳ ನಡುವೆ ಒಯ್ಯಬಹುದು. ಅಲ್ಲಿಂದ ರೈಲುನಿಲ್ದಾಣದವರೆಗಿನ ಉಳಿದ ದೂರಕ್ಕೆ ಆಟೋರಿಕ್ಷಾದವನೂ ಟಾಂಗಾದವನೂ ಸಾಲುವರು.