ಹೆಪ್ಪಿನ ಲೆಕ್ಕ

ಬಾಜೂ ಮನಿ ವೈನಿಗೆ ಅಂಗಡಿಯವ ಹಳೇ ಕಂಪ್ಯೂಟರ್ ಗುಜರಿಗೆ ಹಾಕ್ರಿ ಅಂದನಂತ. ಲಿನಕ್ಸ್ ಹಾಕಿ ನೋಡ್ರಿ ಅಂದ್ರ, "ಪುಕ್ಕಟೆ ಸಿಗೋದನ್ನ ನಂಬಬಹುದೇನವಾ?" ಅಂದ್ರು. ಅದರ ಹಿಂದ ಒಂದು ಪ್ರಿಂಟರಿನ ಸಿಟ್ಟು ಅದರೀ ವೈನಿ.

1980ರ ಸುಮಾರು ಅಮೆರಿಕಾದ ಎಂಐಟಿಯೊಳಗ ರಿಚರ್ಡ್ ಸ್ಟಾಲ್ಮನ್ ಕೆಲಸಕ್ಕಿದ್ದರು. ಹಳೇ ಪ್ರಿಂಟರಿನ್ಯಾಗ ಕಾಗದ ಸಿಕ್ಕೊಂಡ್ರ ಎಲ್ಲಾರಿಗೂ ಸುದ್ದಿ ಮುಟ್ಟೋ ಹಂಗ ತಾವ ಪ್ರೋಗ್ರಾಂ ತಿದ್ದಿದ್ದರು. ಝೆರಾಕ್ಸ್ ಕೊಟ್ಟ ಹೊಸಾದಕ್ಕೂ ಹಂಗ ಮಾಡೋಣ ಅಂದ್ರ ಪ್ರೋಗ್ರಾಮಿನ ಮೂಲ ಬರಹ ಸಿಗಲಿಲ್ಲ. ಅದು ಇದ್ದವರ ಹತ್ರ ಹೋಗಿ ಕೇಳಿದ್ರ, ಕೊಡಂಗಿಲ್ಲಂತ ಕಂಪನಿಗೆ ಮಾತು ಕೊಟ್ಟಿದ್ದರವರು! ಮಂದಿ ಕೂಡಿ ಹಂಚಿಕೊಳ್ಳೋದಕ್ಕ ಕೀಲಿ ಬಿತ್ತಲ್ಲಾ ಅನ್ನೋ ಸಂಕಟ. 1983ರಾಗ ಗ್ನೂ ಕೆಲಸ ಸಾರಿದರು.

ಅದರ ಪರವಾನಿಗಿ ನಮ್ಮ ಹೆಪ್ಪಿನ ಲೆಕ್ಕ. ಒಯ್ಯಿ, ನಿನ್ನ ಹಾಲಿಗೆ ಹಾಕು, ಮೊಸರು ಮಾರಿದ್ರೂ ಸೈ. ಕೊಂಡವರಿಗೆ ಹೆಪ್ಪು ಹಾಕೋದನ್ನ ಮುಚ್ಚಿಡಬ್ಯಾಡ.

1991ರಾಗ ಫಿನ್ಲೆಂಡಿನ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ಬರದ ತಿರುಳು, ಮರುವರ್ಷ ಇದೇ ಕಟ್ಟಳಿಗೆ ಬಂತು. 2004ರಾಗ ಸುರುವಾದ ಉಬುಂಟು ಅಂತೂ ಅಂಚಿ ರೊಕ್ಕಾನೂ ಕೇಳದ ಸೀಡಿ ಮನಿಗೇ ಕಳಸ್ತಿತ್ತು.

ಒಳಗ ತೆರದು ನೋಡೋಷ್ಟು ಜಾಣಿ ನಾ ಅಲ್ಲ, ಬಲ್ಲವರು ನೋಡಾಕ ಬಾಗಲಾ ತೆರದದ. ಪ್ರಿಂಟರ್ ಮಾತ್ರ ಇವತ್ತಿಗೂ ಒಮ್ಮೊಮ್ಮೆ ತ್ರಾಸ ಕೊಡ್ತದ. ತಗೊಳ್ಳೋಕಿಂತ ಮೊದಲ ಲಿನಕ್ಸಿಗೆ ನಡೀತದೇನಂತ ಕೇಳ್ರಿ.