ನೋಟೀಸಿನ ಅಲಂಕಾರಾಕ್ಷರ

ಮನೆಯೊಳಗೆ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿ, ಮಲೆಯಾಳಗಳನ್ನೋ ಆಡುವ ದಕ್ಷಿಣ ಕನ್ನಡದ ವಿಟ್ಲದ ಜನರು ಓದುವ ಹೊತ್ತಿಗೆ ಬಹುಮಟ್ಟಿಗೆ ಕನ್ನಡ ಲಿಪಿಯನ್ನೇ ಆಶ್ರಯಿಸುವ ರೂಢಿಗೆ, 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿ ತುಳು ಗ್ರಂಥಗಳನ್ನೂ ಕನ್ನಡಾಕ್ಷರಗಳಲ್ಲಿಯೇ ಅಚ್ಚುಮಾಡಿದ ಬಾಸೆಲ್ ಮಿಶನ್ ಮುದ್ರಣಾಲಯವು ಮಹತ್ತರವಾದ ಬಲವನ್ನಿತ್ತಿತು. ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು; ಜಿಡ್ಡುಮಸಿಯಿಂದ ಬರೆದ ಲಿಪಿಯೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿದ್ದುದರಿಂದ ಅಲ್ಲಿ ಅಕ್ಷರವು ಲಿಪಿಕಾರನ ಕೈಬರಹವಾಗಿಯೇ ಉಳಿದಿತ್ತು. ಮುಂದೆ ಸೀಸದ ಅಚ್ಚುಮೊಳೆಗಳು ಬಂದು, 1894ರಲ್ಲಿ ಅದೇ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ಬೃಹನ್ನಿಘಂಟಿನಂತಹ ಕಾರ್ಯಕ್ಕೆ ಬೇಕಾದ ಸಮತೆಯೂ ಮಿತವ್ಯಯವೂ ಸಿದ್ಧಿಸಿದುವು. ಆದರೆ ಕೈಯ ಸ್ವೇಚ್ಛೆಯು ಅಷ್ಟರಮಟ್ಟಿಗೆ ಕುಗ್ಗಿತು.

ಕುಗ್ಗಿದ ಆ ಸ್ವೇಚ್ಛೆಗೆ ಮರಳಿ ಎಡೆಗೊಟ್ಟುದು ಯಕ್ಷಗಾನದ ನೋಟೀಸು. ಹರಕೆಯ ಬಯಲಾಟಕ್ಕೆ ಊರೇ ಪ್ರೇಕ್ಷಕವರ್ಗವಾಗಿದ್ದುದರಿಂದ ವಿಶೇಷ ಪ್ರಚಾರದ ಅಗತ್ಯವಿರಲಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಡೇರೆಯೂ ಟಿಕೇಟೂ ಬಂದಮೇಲಾದರೋ, ಹಣಕೊಟ್ಟು ಒಳಬರಬೇಕಾದ ಪ್ರೇಕ್ಷಕನನ್ನು ಬಣ್ಣದ ಕಾಗದವೇ ಚೆಂಡೆಯಂತೆ ದೂರದಿಂದ ಕರೆಯಬೇಕಾಯಿತು. ಮೇಳದ ನಾಮ, ಪ್ರಸಂಗದ ನಾಮ, ಭಾಗವತರು, ವಿಟ್ಲ ಜೋಷಿಯವರಂಥ ಹಾಸ್ಯಗಾರರು, ಇವರಿಗೆಲ್ಲ ಒಂದೇ ಗಾತ್ರದ ಮೊಳೆ ಸಲ್ಲದು. ದೊಡ್ಡ ಗಾತ್ರದಲ್ಲಿ ಸೀಸವು ಭಾರವೂ ದುಬಾರಿಯೂ ಆಗುವುದರಿಂದ ಭಿತ್ತಿಪತ್ರಗಳಿಗೆ ಮರದ ಮೊಳೆಯನ್ನು ಬಳಸುವ ಕ್ರಮವು ಮುದ್ರಣಲೋಕದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಇದ್ದಿತು. ಅದೂ ಸಾಲದೆಡೆ ಚಿತ್ರಕಾರನು ಬರೆದ ಶೀರ್ಷಿಕೆಯನ್ನು ಸತುವಿನ ಬ್ಲಾಕಾಗಿ ಮಾಡಿಸುತ್ತಿದ್ದರು. ನೆರಳು ಹೊತ್ತ ಅಕ್ಷರ, ಜ್ವಾಲೆಯಂತೆ ಮೇಲೆದ್ದ ತಲೆಕಟ್ಟು, ಬಳ್ಳಿಯಾಗಿ ಬಾಗಿದ ಕೊಂಬು, ಇವೆಲ್ಲ ಹೀಗೆ ಅಚ್ಚಿನೊಳಗೆ ಪುನಃ ಪ್ರವೇಶಿಸಿ, ಅಂಗಡಿಯ ಬೋರ್ಡು ಬರೆಯುವವರ ಕುಂಚದಲ್ಲಿಯೂ ನೆಲೆಗೊಂಡುವು.

ಕನ್ನಡದಲ್ಲಿ ಈ ವಿದ್ಯೆಯ ನಿಜವಾದ ಪರೀಕ್ಷೆಯು ಒತ್ತಕ್ಷರದಲ್ಲಿದೆ. ‘ವಿಟ್ಲ’ ಎಂಬಲ್ಲಿಯೇ ‘ಟ’ಕಾರದ ಅಡಿಗೆ ಲಕಾರದ ಒತ್ತು ಇಳಿಯಬೇಕಾದುದರಿಂದ, ಸಾಲನ್ನು ಎತ್ತರಿಸಿದರೆ ಕಾಗದ ಸಾಲದು, ಒತ್ತನ್ನು ಕಿರಿದಾಗಿಸಿದರೆ ದೂರದ ಕಣ್ಣಿಗೆ ಕಾಣದು. ಕುಶಲನಾದ ಬರಹಗಾರನು ಒತ್ತನ್ನು ಪಕ್ಕಕ್ಕೆ ಸರಿಸಿ, ಮುಂದಿನ ಅಕ್ಷರದ ಬಾಗುವಿಕೆಯ ಕೆಳಗೆ ಅದಕ್ಕೆ ಆಸನವನ್ನು ಕಲ್ಪಿಸುತ್ತಿದ್ದನು. ಒಂದೇ ಶೀರ್ಷಿಕೆಯಲ್ಲಿ ಎರಡು ಬಾರಿ ಬಂದ ರಕಾರವು ಎರಡು ರೂಪಗಳನ್ನು ತಾಳುವುದಕ್ಕೂ ಅವನ ಸಮ್ಮತಿಯಿತ್ತು.

ಗಣಕವು ಬಂದಮೇಲೆ ಆ ನೋಟೀಸುಗಳ ಕಾಲದ ಛಾಯೆಯನ್ನು ಅನುಸರಿಸುವ ಅಲಂಕಾರಿಕ ಫಾಂಟುಗಳು ಪುನಃ ಫಲಕಗಳಿಗೂ ಶೀರ್ಷಿಕೆಗಳಿಗೂ ಒದಗುತ್ತಿವೆ. ಪುರಾತನ ಶೋಭೆಗಾಗಿ ಸುರುಳಿಗಳನ್ನು ಅಂಟಿಸುವುದು ಸುಲಭ. ಆದರೆ ಹಳೆಯ ನೋಟೀಸಿನ ಸುರುಳಿಗಳು ಟಿಕೇಟು ಕೊಳ್ಳಬೇಕಾದವನನ್ನು ಕುರಿತು ಹುಟ್ಟಿದುವು, ಅವುಗಳ ಸೊಗಸಿಗೆ ದೂರದ ಓದುಗನೇ ಪ್ರಮಾಣವಾಗಿದ್ದನು. ಒತ್ತಿಗೆ ಸ್ಥಾನವನ್ನೂ ಓದುಗನಿಗೆ ಸ್ಪಷ್ಟತೆಯನ್ನೂ ಕೊಡದ ಅಲಂಕಾರವನ್ನು ಆ ಪರಂಪರೆಗೆ ಸೇರಿದುದೆಂದು ಎಣಿಸಲಾಗದು.